ಬಿಸಿಲಿನ ಅಳತೆ: ಮದರಾಸಿನ ಛಾಯಾಮುದ್ರಣದಲ್ಲಿ ನೇರಳಾತೀತ ಕಿರಣಗಳ ಲೆಕ್ಕ

ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರ ಎರಡು ಸಲ ಬೆಳಕನ್ನು ಕಾಣುತ್ತಿತ್ತು: ಕ್ಯಾಮೆರಾದೊಳಗೆ ನೆಗೆಟಿವ್ ರೂಪುಗೊಳ್ಳುವಾಗ ಒಮ್ಮೆ, ಆ ನೆಗೆಟಿವನ್ನು ರಾಸಾಯನಿಕ ಲೇಪಿಸಿದ ಕಾಗದದ ಮೇಲೆ ಒತ್ತಿ ಹಿಡಿದು, ಗಾಜಿನ ಚೌಕಟ್ಟಿನಲ್ಲಿ ಬಿಗಿದು, ಬಿಸಿಲಿಗಿಟ್ಟು ಪ್ರತಿ ತೆಗೆಯುವಾಗ ಇನ್ನೊಮ್ಮೆ. ಮೊದಲನೆಯ ಬೆಳಕಿನ ಬಗ್ಗೆ ಚರಿತ್ರಕಾರರು ಸಾಕಷ್ಟು ಬರೆದಿದ್ದಾರೆ, ಎರಡನೆಯದರ ಬಗ್ಗೆ ಬರೆದದ್ದು ಕಡಿಮೆ. ಆದರೆ ಒಂದೇ ನೆಗೆಟಿವಿನಿಂದ ಐವತ್ತು ಪ್ರತಿಗಳನ್ನು ತೆಗೆಯಬೇಕಾದಾಗ, ಆ ಐವತ್ತೂ ಒಂದೇ ಬಣ್ಣಕ್ಕೆ, ಒಂದೇ ಗಾಢತೆಗೆ ಬರಬೇಕಾದಾಗ, ಮುದ್ರಕನ ಕೌಶಲ ಪರೀಕ್ಷೆಗೊಳಗಾಗುತ್ತಿದ್ದುದು ಈ ಎರಡನೆಯ ಬೆಳಕಿನಲ್ಲಿಯೇ. ವರ್ಷದ ಬಹುಭಾಗ ಬಿಸಿಲು ಸುರಿಯುವ ಮದರಾಸಿನಂಥ ಊರಿನಲ್ಲಿ ಈ ಪರೀಕ್ಷೆ ಸುಲಭವಾಗಿದ್ದಿರಬೇಕೆಂದು ತೋರುವುದು ಸಹಜ. ಆ ಊರಿನ ಮುದ್ರಣದ ಚರಿತ್ರೆಯಾದರೋ ಬೇರೆಯದನ್ನೇ ಹೇಳುತ್ತದೆ: ಬೆಳಕು ಹೇರಳವಾಗಿದ್ದರೂ ಅದು ಒಂದೇ ಸಮನಾಗಿರಲಿಲ್ಲ, ಬೆಳಕನ್ನು ಅಳೆಯುವ ವಿದ್ಯೆ ಬಂದ ಮೇಲೂ, ಆ ಬೆಳಕಿಗೆ ಸ್ಪಂದಿಸುವ ಕಾಗದವನ್ನು ಹದದಲ್ಲಿ ಇಡುವ ಕೆಲಸ ಅಷ್ಟೇ ಕಠಿಣವಾಗಿ ಉಳಿಯಿತು.

ಇಂದು ಪರ್ಯಾಯ ಮುದ್ರಣವೆಂದು ಕರೆಯಲಾಗುವ ವಿಧಾನಗಳೆಲ್ಲ ಒಂದು ಕಾಲದಲ್ಲಿ ಮುಖ್ಯ ವಿಧಾನಗಳೇ ಆಗಿದ್ದವು. ಉಪ್ಪುನೀರಿನಲ್ಲಿ ಅದ್ದಿದ ಕಾಗದಕ್ಕೆ ಸಿಲ್ವರ್ ನೈಟ್ರೇಟ್ ಬಳಿದು ತೆಗೆಯುವ ಲವಣಮುದ್ರಣ, ಮೊಟ್ಟೆಯ ಬಿಳಿಯನ್ನು ಲೇಪಿಸಿದ ಕಾಗದದ ಆಲ್ಬುಮೆನ್ ಮುದ್ರಣ, ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ಕೊಡುವ ಸಯನೊಟೈಪ್, ಬೆಳ್ಳಿಗೆ ಬದಲು ಪ್ಲಾಟಿನಮ್ ಉಳಿಸುವ ಪ್ಲಾಟಿನಮ್ ಮುದ್ರಣ, ಜೆಲಾಟಿನ್ನಿನಲ್ಲಿ ಮಸಿ ಬೆರೆಸಿದ ಕಾರ್ಬನ್ ಮುದ್ರಣ, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು. ಇವುಗಳ ಲೇಪನ ಎಷ್ಟು ಮಂದವೆಂದರೆ ಮನೆಯ ದೀಪದ ಬೆಳಕು ಅದನ್ನು ಅಲುಗಿಸುವುದೇ ಇಲ್ಲ. ಅದಕ್ಕೆ ಬೇಕಾದದ್ದು ಕಣ್ಣಿಗೆ ಕಾಣುವ ನೇರಳೆ ಬಣ್ಣದ ಆಚೆಗಿರುವ, ಸುಮಾರು 320ರಿಂದ 400 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣ ಮತ್ತು ಅದರ ಪಕ್ಕದ ನೀಲಿ ಬೆಳಕು. ಚೌಕಟ್ಟಿನ ಗಾಜು 320 ನ್ಯಾನೊಮೀಟರಿಗಿಂತ ಕಿರಿದಾದ ಅಲೆಗಳನ್ನು ಬಹುಮಟ್ಟಿಗೆ ತಡೆದುಬಿಡುವುದರಿಂದ, ಮುದ್ರಕನ ಪಾಲಿಗೆ ದಕ್ಕುವುದು ಈ ನಡುವಿನ ಪಟ್ಟಿಯೊಂದೇ. ಕಣ್ಣು ಗ್ರಹಿಸುವ ಪ್ರಖರತೆ ಒಂದು, ಕಾಗದ ಗ್ರಹಿಸುವ ಪ್ರಖರತೆ ಇನ್ನೊಂದು; ಮುದ್ರಕನ ಎಲ್ಲ ತೊಡಕುಗಳ ಮೂಲ ಈ ವ್ಯತ್ಯಾಸದಲ್ಲಿದೆ.

ನೇರಳಾತೀತ ಕಿರಣದ ಇರವು ತಿಳಿದುಬಂದದ್ದು ಕೂಡ ಮುದ್ರಕರು ಬಳಸುವ ಅದೇ ರಾಸಾಯನಿಕದಿಂದ. 1801ರಲ್ಲಿ ಜರ್ಮನಿಯ ಯೇನಾದಲ್ಲಿ ಯೋಹಾನ್ ವಿಲ್ಹೆಲ್ಮ್ ರಿಟರ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಒಡೆದು, ಬಣ್ಣಗಳ ಸಾಲಿನ ಉದ್ದಕ್ಕೂ ಸಿಲ್ವರ್ ಕ್ಲೋರೈಡ್ ಇಟ್ಟು ನೋಡಿದಾಗ, ನೇರಳೆಯ ಆಚೆ, ಏನೂ ಕಾಣದ ಜಾಗದಲ್ಲಿ, ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಆದ್ದರಿಂದ ನೇರಳಾತೀತ ಕಿರಣದ ಮೊತ್ತಮೊದಲ ಮಾಪಕವೇ ಬೆಳ್ಳಿಯ ಲವಣ. ಛಾಯಾಗ್ರಹಣ ಹುಟ್ಟುವುದಕ್ಕೆ ಸುಮಾರು ನಾಲ್ಕು ದಶಕ ಮೊದಲೇ ಈ ಮಾಪಕ ಸಿದ್ಧವಾಗಿತ್ತು.

ಮದರಾಸಿಗೆ ಈ ವಿದ್ಯೆ ಬಂದದ್ದು ಕಲಾಶಾಲೆಯ ಮೂಲಕ. ಸೈನ್ಯದ ವೈದ್ಯನಾಗಿದ್ದ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಆರಂಭಿಸಿ ಕೆಲವೇ ವರ್ಷಗಳಲ್ಲಿ ಸರಕಾರದ ಸುಪರ್ದಿಗೆ ಬಂದ ಈ ಶಾಲೆ ಇಂದಿನ ಸರಕಾರಿ ಲಲಿತಕಲಾ ಕಾಲೇಜಿನ ಮೂಲ. ಕುಂಬಾರಿಕೆ, ಕೆತ್ತನೆ, ಲೋಹಕಲೆಗಳ ಜೊತೆಗೆ ಅಲ್ಲಿ ಛಾಯಾಗ್ರಹಣವನ್ನೂ ಕಲಿಸಲಾಯಿತು, ಸಿ. ಅಯ್ಯಸ್ವಾಮಿ ಎಂಬ ಭಾರತೀಯ ಛಾಯಾಗ್ರಾಹಕನ ಹೆಸರು ಆ ಶಾಲೆಯೊಡನೆ ಉಳಿದುಬಂದಿದೆ. 1856ರಲ್ಲಿ ಹಂಟರ್ ಮುಂದಾಳುತನದಲ್ಲಿ ಮದರಾಸು ಫೋಟೊಗ್ರಾಫಿಕ್ ಸೊಸೈಟಿ ಸ್ಥಾಪನೆಯಾದಾಗ ಅದರ ಹಿರಿಯರಲ್ಲಿ ಒಬ್ಬನಾಗಿದ್ದವನು ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಕದನದಲ್ಲಿ ರಾಣಿ ಚೆನ್ನಮ್ಮನ ಸೆರೆಯಲ್ಲಿದ್ದು ಬಿಡುಗಡೆಯಾದವನು, ಮುಂದೆ ಧಾರವಾಡ ಸೀಮೆಯಲ್ಲಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದವನು ಈತನೇ. ಶಾಸನದ ಅಕ್ಷರಗಳನ್ನು ಕೈಯಿಂದ ನಕಲು ಮಾಡಿಸುವ ಕಷ್ಟವನ್ನು ಬಲ್ಲವನಿಗೆ ಬೆಳಕಿನಿಂದ ನಕಲು ಮಾಡುವ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿದ್ದು ಆಶ್ಚರ್ಯವಲ್ಲ.

ಮುದ್ರಣದ ಸಮತೆಯ ಪ್ರಶ್ನೆ ಅದರ ಪೂರ್ಣ ಗಾತ್ರದಲ್ಲಿ ಎದುರಾದದ್ದು ಮದರಾಸು ಸೈನ್ಯದ ಅಧಿಕಾರಿ ಲಿನ್ನಿಯಸ್ ಟ್ರೈಪ್‌ನ ಕೆಲಸದಲ್ಲಿ. 1822ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ ಪಡೆಯಲ್ಲಿದ್ದ ಈತ 1854ರ ಡಿಸೆಂಬರಿನಲ್ಲಿ ಹಳೇಬೀಡು ಮತ್ತು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದನು. 1855ರ ಮದರಾಸು ಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಮನ್ನಣೆ ದೊರೆಯಿತು. ಅದೇ ವರ್ಷ ಆರ್ಥರ್ ಫೇರ್ ನೇತೃತ್ವದಲ್ಲಿ ಬರ್ಮಾದ ರಾಜನಲ್ಲಿಗೆ ಹೋದ ನಿಯೋಗದ ಜೊತೆಗೆ ಹೋಗಿ, ಕಾಗದದ ನೆಗೆಟಿವುಗಳ ದೊಡ್ಡ ಸಂಗ್ರಹದೊಡನೆ ಬೆಂಗಳೂರಿಗೆ ಮರಳಿದನು. ಆ ಸಂಗ್ರಹದಿಂದ ಆಯ್ದ 120 ದೃಶ್ಯಗಳ 50 ಸಂಪುಟಗಳನ್ನು ಸಿದ್ಧಪಡಿಸುವುದು ಮುಂದಿನ ಕೆಲಸವಾಯಿತು. ಅಂದರೆ 6000 ಮುದ್ರಣಗಳು, ಪ್ರತಿಯೊಂದೂ ಬಿಸಿಲಿನಲ್ಲಿ ತೆಗೆದವು, ಪ್ರತಿಯೊಂದೂ ಕೈಯಿಂದ ಸೂಕ್ಷ್ಮಗೊಳಿಸಿದ ಕಾಗದದ ಮೇಲೆ. ಭಾರತದಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಒಂದೇ ಹದದ ಪ್ರತಿಗಳನ್ನು ತೆಗೆದ ಆರಂಭಕಾಲದ ಅಂಗಳ ಬೆಂಗಳೂರಿನ ದಂಡುಪ್ರದೇಶದಲ್ಲಿತ್ತೆಂಬುದು ಕನ್ನಡದ ಓದುಗರಿಗೆ ಇನ್ನೂ ಪರಿಚಿತವಾಗಬೇಕಾದ ಸಂಗತಿ.

ಆ ಅಂಗಳದ ಕೆಲಸದ ಕ್ರಮವನ್ನು ಆ ಕಾಲದ ವಿಧಾನದಿಂದ ತಿಳಿಯಬಹುದು. ತೆಳುವಾಗಿ ಮೊಟ್ಟೆಯ ಬಿಳಿ ಮತ್ತು ಉಪ್ಪು ಹಚ್ಚಿದ ಕಾಗದವನ್ನು ಮಬ್ಬು ಬೆಳಕಿನ ಕೋಣೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸಿ ಒಣಗಿಸಬೇಕು. ಸೆಕೆಯ ದಿನಗಳಲ್ಲಿ ಆ ಕಾಗದ ತಾನಾಗಿಯೇ ಹಳದಿಗೆ ತಿರುಗುವುದರಿಂದ ಅಂದು ತಯಾರಿಸಿದ್ದನ್ನು ಅಂದೇ ಬಳಸಬೇಕು. ಮೇಣ ಹೀರಿಸಿ ಪಾರದರ್ಶಕವಾಗಿಸಿದ ಕಾಗದದ ನೆಗೆಟಿವನ್ನು ಅದರ ಮೇಲಿಟ್ಟು ಚೌಕಟ್ಟಿನಲ್ಲಿ ಬಿಗಿದು ಹೊರಗಿಟ್ಟಾಗ, ಚಿತ್ರ ಬೆಳಕಿನಲ್ಲಿಯೇ ಕಣ್ಣೆದುರು ಮೂಡುತ್ತದೆ. ಚೌಕಟ್ಟಿನ ಹಿಂಬದಿಯ ಹಲಗೆ ನಡುವೆ ಕೀಲಿದ್ದು ಎರಡು ಭಾಗವಾಗಿರುತ್ತದೆ. ಒಂದು ಭಾಗವನ್ನು ಸಡಿಲಿಸಿ ಕಾಗದದ ಅಂಚನ್ನು ಎತ್ತಿ ನೋಡಿ, ನೆಗೆಟಿವ್ ಕದಲದಂತೆ ಮತ್ತೆ ಮುಚ್ಚಬಹುದು. ಮುಂದೆ ಚಿನ್ನದ ಲವಣದಲ್ಲಿ ಬಣ್ಣ ಕಟ್ಟಿಸಿ, ಹೈಪೋ ದ್ರಾವಣದಲ್ಲಿ ಸ್ಥಿರಗೊಳಿಸುವಾಗ ಚಿತ್ರ ತಿಳಿಯಾಗುವುದರಿಂದ, ಬೇಕಾದುದಕ್ಕಿಂತ ಒಂದಿಷ್ಟು ಗಾಢವಾಗುವವರೆಗೆ ಬಿಸಿಲಿನಲ್ಲಿ ಬಿಡಬೇಕು. ಎಷ್ಟು ಗಾಢ ಎಂಬುದಕ್ಕೆ ಪುಸ್ತಕದಲ್ಲಿ ಅಳತೆಯಿರಲಿಲ್ಲ, ಅದು ಮುದ್ರಕನ ಕಣ್ಣಿನಲ್ಲಿತ್ತು. ಸಾವಿರಾರು ಸಲ ಹಲಗೆಯನ್ನು ಎತ್ತಿ ನೋಡಿದ ಭಾರತೀಯ ಸಹಾಯಕರೇ ಈ ಸಂಪುಟಗಳ ನಿಜವಾದ ಮಾಪಕಗಳು. ಸಂಪುಟಗಳ ಮೇಲೆ ಇರುವುದು ಟ್ರೈಪ್‌ನ ಹೆಸರೊಂದೇ. ಈ ಕೆಲಸದ ಬಗ್ಗೆ ಬರೆಯುವವರು ಅವರ ಪಾಲನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ.

ಮದರಾಸು ಸರಕಾರ 1856ರಲ್ಲಿ ಟ್ರೈಪ್‌ನನ್ನು ಪ್ರಾಂತದ ಛಾಯಾಗ್ರಾಹಕನಾಗಿ ನೇಮಿಸಿತು. 1857ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಹೊರಟು ಶ್ರೀರಂಗ, ತಿರುಚಿನಾಪಳ್ಳಿ, ಮದುರೆ, ಪುದುಕ್ಕೋಟೆ, ತಂಜಾವೂರುಗಳನ್ನು ಸುತ್ತಿ ಮುಂದಿನ ಬೇಸಗೆಯಲ್ಲಿ ಮದರಾಸನ್ನು ತಲುಪಿದ ಆತ, ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದ್ದ ಅಮರಾವತಿಯ ಶಿಲ್ಪಗಳನ್ನು ಸಹ ಚಿತ್ರಿಸಿದನು. ಈ ಪ್ರವಾಸದ ಫಲಗಳಲ್ಲಿ ಒಂದು, ಸಮಮುದ್ರಣದ ದೃಷ್ಟಿಯಿಂದ, ಉಳಿದೆಲ್ಲವನ್ನೂ ಮೀರಿಸುತ್ತದೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ ಅಧಿಷ್ಠಾನದ ಮೇಲೆ ಓಡುವ ಶಾಸನವನ್ನು ತುಂಡುತುಂಡಾಗಿ ಚಿತ್ರಿಸಿ, 21 ಮುದ್ರಣಗಳನ್ನು ಒಂದಕ್ಕೊಂದು ಜೋಡಿಸಿ, ಸುಮಾರು 19 ಅಡಿ ಉದ್ದದ ಒಂದೇ ಸುರುಳಿಯನ್ನು ಟ್ರೈಪ್ ಸಿದ್ಧಪಡಿಸಿದನು. ಬಿಡಿ ಚಿತ್ರಗಳ ಸಂಪುಟದಲ್ಲಿ ಒಂದು ಪುಟ ಸ್ವಲ್ಪ ಗಾಢವಾಗಿ, ಮುಂದಿನದು ಸ್ವಲ್ಪ ತಿಳಿಯಾಗಿ ಬಂದರೆ ನೋಡುವವರು ಗಮನಿಸಲಾರರು. ಅಂಚಿಗೆ ಅಂಚು ತಾಗಿಸಿದ 21 ತುಂಡುಗಳಲ್ಲಿ ಅಂಥ ಯಾವ ವ್ಯತ್ಯಾಸವೂ ಅಡಗಲಾರದು. ಕಲ್ಲಿನ ಮೇಲೆ ಬಿಸಿಲು ಸರಿಯುತ್ತಿರುವಾಗ ತೆಗೆದ ನೆಗೆಟಿವುಗಳು ತಮ್ಮಲ್ಲೇ ಭಿನ್ನವಾಗಿರುತ್ತವೆ. ಅಂಥ ಭಿನ್ನತೆಯನ್ನು ಮುದ್ರಣದ ಬೆಳಕಿನಲ್ಲಿ ಸರಿದೂಗಿಸಿ, ಕಾಗದ, ದ್ರಾವಣ, ಬಿಸಿಲು ಮೂರೂ ಬದಲಾಗುತ್ತಿರುವಾಗ ಎಲ್ಲವನ್ನೂ ಒಂದು ಹದಕ್ಕೆ ತರುವುದು ಕಣ್ಣಿನ ಅಳತೆಯೊಂದರಿಂದಲೇ ಸಾಧ್ಯವಾಯಿತೆಂಬುದು ಅಸಾಮಾನ್ಯ ಸಾಧನೆ. 1859ರಲ್ಲಿ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್, ಬೊಕ್ಕಸದ ಸ್ಥಿತಿಗೆ ಹೊಂದದ ದುಬಾರಿ ಕೆಲಸವೆಂದು ಟ್ರೈಪ್‌ನ ಛಾಯಾಗ್ರಹಣ ಇಲಾಖೆಯನ್ನು ಮುಚ್ಚಿಸಿದನು.

ಟ್ರೈಪ್‌ನ ಸಹಾಯಕರು ಕಣ್ಣಿನಿಂದ ಅಳೆಯುತ್ತಿದ್ದ ಅದೇ ವರ್ಷಗಳಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ರಾಬರ್ಟ್ ಬುನ್ಸೆನ್ ಮತ್ತು ಹೆನ್ರಿ ರಾಸ್ಕೋ ಬೆಳಕಿನ ರಾಸಾಯನಿಕ ಶಕ್ತಿಯನ್ನು ಸಂಖ್ಯೆಯಲ್ಲಿ ಹಿಡಿಯಲು ತೊಡಗಿದ್ದರು. ಪ್ರಖರ ಬೆಳಕು ಸ್ವಲ್ಪ ಹೊತ್ತು ಬಿದ್ದರೂ, ಮಂದ ಬೆಳಕು ಹೆಚ್ಚು ಹೊತ್ತು ಬಿದ್ದರೂ, ಪ್ರಖರತೆ ಮತ್ತು ಕಾಲಗಳ ಗುಣಲಬ್ಧ ಒಂದೇ ಆಗಿದ್ದರೆ ಬೆಳ್ಳಿಯ ಕಾಗದ ಒಂದೇ ಪ್ರಮಾಣದಲ್ಲಿ ಕಪ್ಪಾಗುತ್ತದೆ ಎಂಬುದು ಅವರು ಸ್ಥಾಪಿಸಿದ ನಿಯಮ. ಮುದ್ರಕನಿಗೆ ಇದರ ಅರ್ಥ ಸ್ಪಷ್ಟ: ಲೆಕ್ಕವಿಡಬೇಕಾದದ್ದು ಗಡಿಯಾರದ ನಿಮಿಷಗಳನ್ನಲ್ಲ, ಕಾಗದದ ಮೇಲೆ ಬಿದ್ದ ಬೆಳಕಿನ ಒಟ್ಟು ಮೊತ್ತವನ್ನು. 1862ರಲ್ಲಿ ಅವರು ಇದಕ್ಕೊಂದು ಮಾನವನ್ನೂ ಕೊಟ್ಟರು. 1000 ಭಾಗ ಸತುವಿನ ಆಕ್ಸೈಡಿಗೆ 1 ಭಾಗ ದೀಪದ ಕಾಡಿಗೆ ಬೆರೆಸಿದಾಗ ಬರುವ ಬೂದುಬಣ್ಣವನ್ನು ಮಾದರಿಯಾಗಿ ಗೊತ್ತುಪಡಿಸಿ, ನಿಯತ ರೀತಿಯಲ್ಲಿ ತಯಾರಿಸಿದ ಸಿಲ್ವರ್ ಕ್ಲೋರೈಡ್ ಕಾಗದವನ್ನು 1 ಸೆಕೆಂಡಿನಲ್ಲಿ ಆ ಬಣ್ಣಕ್ಕೆ ತರುವ ಬೆಳಕನ್ನು ಒಂದು ಏಕಮಾನವೆಂದು ಕರೆದರು.

ಉಷ್ಣವಲಯದ ಬೆಳಕಿನ ಬಗ್ಗೆ ಆ ಕಾಲದಲ್ಲಿ ವಿಚಿತ್ರವಾದ ನಂಬಿಕೆಯೊಂದಿತ್ತು. ಬಿಸಿಲು ಕಣ್ಣಿಗೆ ತೀಕ್ಷ್ಣವಾಗಿ ಕಂಡರೂ ಅದರಲ್ಲಿ ರಾಸಾಯನಿಕ ಶಕ್ತಿ ಕಡಿಮೆ, ಆದ್ದರಿಂದಲೇ ಅಲ್ಲಿ ಚಿತ್ರ ತೆಗೆಯಲು ಹೆಚ್ಚು ಹೊತ್ತು ಬೇಕು ಎಂದು ಕೆಲವು ಛಾಯಾಗ್ರಾಹಕರು ವರದಿ ಮಾಡಿದ್ದರು. 1866ರಲ್ಲಿ ಬ್ರೆಜಿಲಿನ ಪಾರಾದಲ್ಲಿ, ಭೂಮಧ್ಯರೇಖೆಯ ಸಮೀಪ, ರಾಸ್ಕೋನ ಕಾಗದದಿಂದ ಅಳತೆ ಮಾಡಿದಾಗ ಅಲ್ಲಿನ ಹಗಲಿನ ರಾಸಾಯನಿಕ ಶಕ್ತಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯದಲ್ಲಿ ದೊರೆತದ್ದಕ್ಕಿಂತ ಹಲವು ಪಟ್ಟು ಹೆಚ್ಚೆಂದು ತಿಳಿಯಿತು. ಹಾಗಿದ್ದ ಮೇಲೆ ಹಳೆಯ ವರದಿಗಳಲ್ಲಿನ ನಿಧಾನಕ್ಕೆ ಕಾರಣವನ್ನು ಸೂರ್ಯನಲ್ಲಿ ಹುಡುಕುವಂತಿರಲಿಲ್ಲ. ಸೆಕೆಯಲ್ಲಿ ಕೆಡುವ ದ್ರಾವಣಗಳು ಮತ್ತು ಕಾಗದವೇ ಹೆಚ್ಚು ಸಂಭವನೀಯ ಕಾರಣವಾಗಿ ತೋರುತ್ತವೆ.

ಮದರಾಸಿನ ಸೂರ್ಯನ ಸ್ಥಾನವನ್ನು ಗಣಿತದಿಂದಲೇ ತಿಳಿಯಬಹುದು. 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಡಿಸೆಂಬರಿನ ಅತಿ ತಗ್ಗಿನ ದಿನದಲ್ಲಿಯೂ ನಡುಹಗಲಿಗೆ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಲಂಡನ್ನಿನಲ್ಲಿ ಅದೇ ದಿನದ ಎತ್ತರ 15 ಡಿಗ್ರಿ, ಜೂನ್ ತಿಂಗಳ ಅತ್ಯುತ್ತಮ ದಿನದಲ್ಲಿಯೂ 62. ಅಂದರೆ ಮದರಾಸಿನ ಅತ್ಯಂತ ಬಡ ನಡುಹಗಲು ಲಂಡನ್ನಿನ ಅತ್ಯಂತ ಸಿರಿವಂತ ನಡುಹಗಲಿಗೆ ಹೆಚ್ಚೇನೂ ಸೋಲುವುದಿಲ್ಲ. ಆದರೂ ಮುಂಜಾನೆ ಎಂಟಕ್ಕೂ ಹನ್ನೆರಡಕ್ಕೂ ನಡುವೆ ನೇರಳಾತೀತ ಕಿರಣದ ಪ್ರಮಾಣ ಹಲವು ಪಟ್ಟು ಏರುತ್ತದೆ, ಏಕೆಂದರೆ ಓರೆಯಾಗಿ ಬರುವ ಬೆಳಕು ಹೆಚ್ಚು ವಾತಾವರಣವನ್ನು ದಾಟಬೇಕಾಗುತ್ತದೆ ಮತ್ತು ಕಿರಿದಾದ ಅಲೆಗಳು ಗಾಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಚದುರುತ್ತವೆ. ಚದುರಿದ ಈ ಅಂಶ ನೆರಳಿನಲ್ಲಿಯೂ ಕೆಲಸ ಮಾಡುತ್ತದೆ. ತೆಳುವಾದ ನೆಗೆಟಿವುಗಳನ್ನು ನೇರ ಬಿಸಿಲಿಗಿಡದೆ ತೆರೆದ ಆಕಾಶದ ನೆರಳಿನಲ್ಲಿ ನಿಧಾನವಾಗಿ ಮುದ್ರಿಸಬೇಕೆಂಬ ಹಳಬರ ರೂಢಿ ನಡೆದುಬಂದದ್ದು ಈ ಬಲದಿಂದಲೇ. ಬೆಂಗಳೂರು ಹೆಚ್ಚು ಕಡಿಮೆ ಅದೇ ಅಕ್ಷಾಂಶದಲ್ಲಿದ್ದರೂ 900 ಮೀಟರಿಗೂ ಮೇಲಿದೆ. ಪ್ರತಿ 1000 ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆಂಬ ಸಾಮಾನ್ಯ ಲೆಕ್ಕ ಒಪ್ಪುವುದಾದರೆ, ಅಲ್ಲಿ ದೊರೆತ ಅನುಕೂಲ ಬೆಳಕಿನಲ್ಲಿ ಅಲ್ಪ, ತಂಪು ಒಣ ಗಾಳಿಯಲ್ಲಿ ಅಧಿಕ.

ಕಣ್ಣಿನ ಅಳತೆ ಸೋತದ್ದು ಕಾರ್ಬನ್ ಮುದ್ರಣದಲ್ಲಿ. 1864ರಲ್ಲಿ ಜೋಸೆಫ್ ಸ್ವಾನ್ ಬಳಕೆಗೆ ತಂದ ಈ ವಿಧಾನದಲ್ಲಿ, ಮಸಿ ಬೆರೆಸಿದ ಜೆಲಾಟಿನ್ ಪದರಕ್ಕೆ ಪೊಟ್ಯಾಸಿಯಂ ಡೈಕ್ರೋಮೇಟ್ ಹೀರಿಸಿದರೆ, ಬೆಳಕು ತಗುಲಿದ ಕಡೆ ಜೆಲಾಟಿನ್ ಗಟ್ಟಿಯಾಗಿ ಬಿಸಿನೀರಿನಲ್ಲಿ ಕರಗದಂತಾಗುತ್ತದೆ. ಚಿತ್ರ ಮಾಸುವುದಿಲ್ಲ, ಆದರೆ ಮಸಿಯ ಕಪ್ಪಿನ ಮೇಲೆ ಯಾವ ಬದಲಾವಣೆಯೂ ಕಾಣುವುದಿಲ್ಲ. ಚೌಕಟ್ಟಿನ ಹಿಂಬದಿಯನ್ನು ಎಷ್ಟು ಸಲ ಎತ್ತಿದರೂ ಪ್ರಯೋಜನವಿಲ್ಲ. ಆಗ ಆಕ್ಟಿನೊಮೀಟರ್ ಎಂಬ ಸಣ್ಣ ಉಪಕರಣ ಬಂದಿತು. ಜಾನ್ಸನ್ ರೂಪಿಸಿದ ಬಗೆಯಲ್ಲಿ, ಪುಟ್ಟ ಪೆಟ್ಟಿಗೆಯ ಕಿಂಡಿಯಡಿ ಬೆಳ್ಳಿಯ ಕಾಗದದ ಪಟ್ಟಿಯೊಂದಿದ್ದು, ಕಿಂಡಿಯ ಪಕ್ಕದಲ್ಲಿ ಬಳಿದ ಬಣ್ಣಕ್ಕೆ ಅದು ಸರಿಹೊಂದಿದ ಕೂಡಲೇ ಒಂದು ಛಾಯೆ ಮುಗಿಯಿತೆಂದು ಎಣಿಸಿ, ಪಟ್ಟಿಯನ್ನು ಎಳೆದು ಹೊಸ ಭಾಗವನ್ನು ತೆರೆಯುವುದು ಕ್ರಮ. ಒಂದು ನೆಗೆಟಿವಿಗೆ ಮೂರು ಛಾಯೆ ಬೇಕು, ಇನ್ನೊಂದಕ್ಕೆ ಐದು ಎಂದು ಬರೆದಿಟ್ಟುಕೊಂಡರೆ ಮೋಡ ಬಂದರೂ ಬಿಸಿಲು ಬಂದರೂ ಎಣಿಕೆ ಬದಲಾಗುವುದಿಲ್ಲ. ಹರ್ಮನ್ ಫೋಗೆಲ್‌ನ ಮಾಪಕದಲ್ಲಿ ತೆಳುಕಾಗದದ ಪದರಗಳನ್ನು ಮೆಟ್ಟಿಲುಗಳಂತೆ ಒಂದರ ಮೇಲೊಂದು ಏರಿಸಿ, ಪ್ರತಿ ಮೆಟ್ಟಿಲಿಗೆ ಒಂದು ಅಂಕಿ ಬರೆದು, ಡೈಕ್ರೋಮೇಟ್ ಕಾಗದದ ಮೇಲೆ ಯಾವ ಅಂಕಿಯವರೆಗೆ ಮೂಡಿತೆಂದು ನೋಡಲಾಗುತ್ತಿತ್ತು. ಇಂದು ಪ್ರಪಂಚದಾದ್ಯಂತ ಮುದ್ರಕರು ಬಳಸುವ ಮೆಟ್ಟಿಲುಪಟ್ಟಿಯ ಪೂರ್ವಜ ಇದೇ. ಬುನ್ಸೆನ್ ಮತ್ತು ರಾಸ್ಕೋ ಪ್ರಯೋಗಾಲಯದಲ್ಲಿ ಕಂಡ ನಿಯಮ ಕೆಲವೇ ವರ್ಷಗಳಲ್ಲಿ ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆಯಾಗಿ ಕಾರ್ಖಾನೆಗಳನ್ನು ಸೇರಿತು.

ಭಾರತದ ಕರಾವಳಿಯಲ್ಲಿ ಈ ವಿಧಾನಕ್ಕೆ ಬೇರೊಂದು ಅಡ್ಡಿಯಿತ್ತು. ಡೈಕ್ರೋಮೇಟ್ ಹೀರಿದ ಜೆಲಾಟಿನ್ ಸೆಕೆಯಲ್ಲಿ, ತೇವದಲ್ಲಿ, ಕತ್ತಲೆಯಲ್ಲಿಟ್ಟರೂ ತಾನಾಗಿ ಗಟ್ಟಿಯಾಗುತ್ತದೆ. ಬಿಸಿಲಿನಿಂದ ತೆಗೆದು ಒಳಗಿಟ್ಟ ಮೇಲೂ ಬೆಳಕು ಆರಂಭಿಸಿದ ಕ್ರಿಯೆ ನಿಲ್ಲದೆ ಮುಂದುವರಿಯುತ್ತದೆ. ಬೆಳಗ್ಗೆ ಸೂಕ್ಷ್ಮಗೊಳಿಸಿದ ಹಾಳೆಗೂ ಸಂಜೆಯ ಹಾಳೆಗೂ ಆಕ್ಟಿನೊಮೀಟರಿನ ಎಣಿಕೆ ಒಂದೇ ಇದ್ದರೂ ಫಲ ಒಂದೇ ಆಗುವುದಿಲ್ಲ. ಜೆಲಾಟಿನ್ ನೀರಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲೇ ಮೆತ್ತಗಾಗತೊಡಗುತ್ತದೆ, ಮೇ ತಿಂಗಳ ಮದರಾಸಿನಲ್ಲಿ ತೊಟ್ಟಿಯ ನೀರೇ ಆ ಶಾಖವನ್ನು ದಾಟಬಲ್ಲದು. 1866ರಿಂದ ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ ಛಾಯಾಮುದ್ರಣದ ಹೊಣೆ ಹೊತ್ತ ಜೇಮ್ಸ್ ವಾಟರ್‌ಹೌಸ್ ಮೂರು ದಶಕಗಳ ಕಾಲ ಇಂಥ ಪ್ರಶ್ನೆಗಳ ಮೇಲೆಯೇ ಕೆಲಸ ಮಾಡಿದನು: ಜೆಲಾಟಿನ್ ಮತ್ತು ಡೈಕ್ರೋಮೇಟ್ ಆಧಾರದ ವಿಧಾನಗಳಿಂದ ಭೂಪಟಗಳನ್ನು ಸತುವಿನ ತಗಡಿಗೆ ವರ್ಗಾಯಿಸಿ ಅಚ್ಚು ಹಾಕುವ ಕ್ರಮವನ್ನು ಈ ನೆಲದ ಹವೆಗೆ ಹೊಂದಿಸುವುದು ಆತನ ಸಾಧನೆ. ಮದರಾಸಿನ ಸರ್ವೆ ಕಚೇರಿಯೂ ಭೂಪಟಗಳನ್ನು, ಪ್ರಾಚ್ಯವಸ್ತು ವರದಿಗಳ ಚಿತ್ರಫಲಕಗಳನ್ನು ಬೆಳಕಿನ ವಿಧಾನಗಳಿಂದ ಮುದ್ರಿಸುತ್ತಿತ್ತು. ಮೌಂಟ್ ರಸ್ತೆಯ ಸ್ಟುಡಿಯೋಗಳು ಭಾವಚಿತ್ರಗಳಿಗೆ ಆಲ್ಬುಮೆನ್ ಕಾಗದವನ್ನೇ ನೆಚ್ಚಿಕೊಂಡು, ಕಣ್ಣಿನ ಅಳತೆಯನ್ನು ಇನ್ನೂ ಬಹುಕಾಲ ಉಳಿಸಿಕೊಂಡವು.

ಸಯನೊಟೈಪ್ ಕಲೆಗಿಂತ ಹೆಚ್ಚಾಗಿ ಕಚೇರಿಗೆ ಸೇರಿತು. 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದ ಈ ವಿಧಾನ, ಮೂರು ದಶಕಗಳ ನಂತರ ಸಿದ್ಧ ಕಾಗದ ಮಾರುಕಟ್ಟೆಗೆ ಬಂದಾಗ, ಲೋಕೋಪಯೋಗಿ ಮತ್ತು ರೈಲ್ವೆ ಇಲಾಖೆಗಳ ನಕ್ಷೆಗಳಿಗೆ ಎಲ್ಲ ಕಡೆ ಬಳಕೆಯಾಯಿತು. ಅದರ ಅಳತೆ ಬಲು ಸರಳ: ಅಂಚಿನ ಹಸಿರು ಮಿಶ್ರಿತ ಹಳದಿ ಬಣ್ಣ ಕಂಚಿನ ಹೊಳಪಿನ ಬೂದಿಗೆ ತಿರುಗುವವರೆಗೆ ಬಿಸಿಲಿನಲ್ಲಿಟ್ಟು ನೀರಿನಲ್ಲಿ ತೊಳೆಯುವುದು. ಎಚ್ಚರದ ಕೆಲಸಗಾರರು ಅದೇ ಕಾಗದದ ಕಿರುಪಟ್ಟಿಗಳನ್ನು ಚೌಕಟ್ಟಿನ ಅಂಚಿನಲ್ಲಿಟ್ಟು, ಒಂದೊಂದನ್ನೇ ಎಳೆದು ತೊಳೆದು ನೋಡುತ್ತಿದ್ದರು. ಕಾಗದವನ್ನೇ ಮಾಪಕವಾಗಿಸುವ ಈ ಉಪಾಯದಲ್ಲಿ ಬೆಳಕು, ಲೇಪನ, ತೇವ ಎಲ್ಲದರ ಲೆಕ್ಕವೂ ಒಟ್ಟಿಗೇ ಸಿಗುತ್ತಿತ್ತು. ಯಾವ ಬಿಡಿ ಉಪಕರಣಕ್ಕೂ ಇಷ್ಟು ಸಮಗ್ರತೆ ಇರಲಿಲ್ಲವೆಂದರೆ ಅತಿಶಯವಾಗದು.

ಇದೇ ಪ್ರಾಂತದ ಬೆಟ್ಟದ ಮೇಲೆ ನೇರಳಾತೀತ ಕಿರಣದ ಇನ್ನೊಂದು ಬಗೆಯ ಅಳತೆ ನಡೆಯಿತು. ಮದರಾಸಿನ ನುಂಗಂಬಾಕ್ಕದಲ್ಲಿದ್ದ ಖಗೋಳ ವೀಕ್ಷಣಾಲಯದ ಪರಂಪರೆ 1899ರಲ್ಲಿ, ಸುಮಾರು 2343 ಮೀಟರ್ ಎತ್ತರದ ಕೊಡೈಕನಾಲಿಗೆ ಸ್ಥಳಾಂತರವಾಗಿ, ಅಲ್ಲಿ ಸೂರ್ಯನ ಛಾಯಾಚಿತ್ರಗಳನ್ನು ದಿನವೂ ತೆಗೆಯುವ ಕೆಲಸ ಬೇರೂರಿತು. ಆಕ್ಸ್‌ಫರ್ಡಿನ ಗಾರ್ಡನ್ ಡಾಬ್ಸನ್ 1928-29ರಲ್ಲಿ ವಾತಾವರಣದ ಓಝೋನನ್ನು ಅಳೆಯಲು ಲೋಕದ ಬೇರೆಬೇರೆ ಕಡೆಗೆ ಕಳಿಸಿದ ಉಪಕರಣಗಳಲ್ಲಿ ಒಂದು ಕೊಡೈಕನಾಲಿಗೆ ಬಂದಿತು. ಸೂರ್ಯನ ನೇರಳಾತೀತ ಬೆಳಕನ್ನು ಛಾಯಾಫಲಕದ ಮೇಲೆ ಬೀಳಿಸಿ, ಫಲಕ ಎಷ್ಟು ಕಪ್ಪಾಯಿತೆಂಬುದರಿಂದ ಓಝೋನಿನ ಪ್ರಮಾಣವನ್ನು ಲೆಕ್ಕ ಹಾಕುವುದು ಅದರ ತತ್ತ್ವ. ಉಷ್ಣವಲಯದ ಮೇಲೆ ಓಝೋನ್ ಕಡಿಮೆ ಎಂಬ ತಿಳಿವಳಿಕೆಗೆ ಆ ಫಲಕಗಳೂ ಆಧಾರವಾದವು. ರಿಟರ್ ಬೆಳ್ಳಿಯ ಲವಣದಿಂದ ಆರಂಭಿಸಿದ್ದನ್ನು ಡಾಬ್ಸನ್ ಬೆಳ್ಳಿಯ ಲವಣದಿಂದಲೇ ಮುಂದುವರಿಸಿದ್ದನೆನ್ನಬಹುದು.

ಇಪ್ಪತ್ತನೆಯ ಶತಮಾನದಲ್ಲಿ ದೀಪದ ಬೆಳಕಿಗೆ ಒದಗುವ ಬ್ರೋಮೈಡ್ ಕಾಗದ ಸ್ಟುಡಿಯೋಗಳನ್ನು ಆವರಿಸಿದ ಮೇಲೆ, ನೇರಳಾತೀತ ಮುದ್ರಣ ಬ್ಲಾಕ್ ತಯಾರಿಸುವವರ, ಆಫ್‌ಸೆಟ್ ಪ್ಲೇಟ್ ಮಾಡುವವರ, ಸ್ಕ್ರೀನ್ ಪ್ರಿಂಟಿಂಗಿನವರ ಕೈಯಲ್ಲಿ ಉಳಿಯಿತು. ಸೂರ್ಯನ ಬದಲು ಆರ್ಕ್ ದೀಪ, ಮುಂದೆ ಪಾದರಸದ ಆವಿಯ ದೀಪ ಮತ್ತು ಮೆಟಲ್ ಹ್ಯಾಲೈಡ್ ದೀಪಗಳು ಬಂದವು. ದೀಪ ಬಂದರೆ ಸಮತೆ ತಾನಾಗಿ ಬರುತ್ತದೆಂಬ ನಿರೀಕ್ಷೆ ಹುಸಿಯಾಯಿತು, ಏಕೆಂದರೆ ವಿದ್ಯುತ್ ಒತ್ತಡ ಏರಿಳಿದಂತೆ ದೀಪದ ನೇರಳಾತೀತ ಪ್ರಮಾಣವೂ ಏರಿಳಿಯುತ್ತದೆ, ಹೊತ್ತಿಸಿದ ಮೊದಲ ನಿಮಿಷಗಳಲ್ಲಿ ಅದು ಮಂದವಾಗಿರುತ್ತದೆ, ಹಳೆಯದಾದಂತೆ ಕುಗ್ಗುತ್ತದೆ. ನೇರಳಾತೀತ ಟ್ಯೂಬುಗಳು 25 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಹೆಚ್ಚು ಬೆಳಕು ಕೊಟ್ಟು, ಮುಚ್ಚಿದ ಪೆಟ್ಟಿಗೆಯೊಳಗೆ ಕಾದಂತೆ ಮಂಕಾಗುತ್ತವೆ. ಈ ಕಾರಣಗಳಿಂದ ಬೆಳಕಿನ ಇಂಟಿಗ್ರೇಟರ್ ಬಳಕೆಗೆ ಬಂದಿತು: ಚೌಕಟ್ಟಿನ ಪಕ್ಕದಲ್ಲಿಟ್ಟ ಬೆಳಕಿನ ಕೋಶ ತನ್ನ ಮೇಲೆ ಬೀಳುವ ನೇರಳಾತೀತ ಕಿರಣವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋಗಿ, ಗೊತ್ತುಪಡಿಸಿದ ಮೊತ್ತ ತಲುಪಿದಾಗ ದೀಪವನ್ನು ಆರಿಸುತ್ತದೆ. ತತ್ತ್ವದಲ್ಲಿ ಇದು ಜಾನ್ಸನ್ನನ ಪೆಟ್ಟಿಗೆಯೇ. ಛಾಯೆಗಳನ್ನು ಎಣಿಸುವ ಕೆಲಸ ಮನುಷ್ಯನಿಂದ ಯಂತ್ರಕ್ಕೆ ಹೋಯಿತು.

ಕಳೆದ ಕೆಲವು ದಶಕಗಳಲ್ಲಿ ಹಳೆಯ ವಿಧಾನಗಳಿಗೆ ಜಗತ್ತಿನ ಹಲವೆಡೆ ಮರುಹುಟ್ಟು ದೊರೆತಿದೆ. ಚೆನ್ನೈಯಲ್ಲಿ 2016ರಲ್ಲಿ ಆರಂಭವಾದ ಫೋಟೊ ಬಿಯೆನಾಲೆ ಆ ಊರಿನ ಛಾಯಾಗ್ರಹಣದ ಹಳೆಯ ಪರಂಪರೆಯತ್ತಲೂ ಹೊಸ ಪೀಳಿಗೆಯ ಗಮನ ಸೆಳೆದಿದೆ. ಮಹಡಿಯ ಮೇಲೆ ಸಯನೊಟೈಪ್ ತೆಗೆಯುವ ಹೊಸಬರು ಮೊದಲು ಕೈಹಾಕುವ ಅಂಕಿ ಹವಾಮಾನ ಸೂಚನೆಯಲ್ಲಿ ಸಿಗುವ ಯುವಿ ಸೂಚ್ಯಂಕ. ಚೆನ್ನೈಯ ಬೇಸಗೆಯ ನಡುಹಗಲಿನಲ್ಲಿ ಅದು 11ನ್ನೂ ದಾಟುತ್ತದೆ. ಆದರೆ ಆ ಸೂಚ್ಯಂಕವನ್ನು ಕಟ್ಟಿರುವುದು ಚರ್ಮ ಕೆಂಪಾಗುವ ಪ್ರಮಾಣದ ಮೇಲೆ. ಅದರಲ್ಲಿ ಹೆಚ್ಚು ತೂಕ ಪಡೆಯುವ 320 ನ್ಯಾನೊಮೀಟರಿಗಿಂತ ಕಿರಿದಾದ ಅಲೆಗಳನ್ನು ಓಝೋನ್ ನಿಯಂತ್ರಿಸುತ್ತದೆ, ಚೌಕಟ್ಟಿನ ಗಾಜು ತಡೆಯುತ್ತದೆ, ಆದ್ದರಿಂದ ಮುದ್ರಣದ ಕಾಗದಕ್ಕೂ ಆ ಅಂಕಿಗೂ ಇರುವ ಸಂಬಂಧ ಸಡಿಲವಾದದ್ದು. ಸೂಚ್ಯಂಕ ಎರಡು ಪಟ್ಟಾದ ಮಾತ್ರಕ್ಕೆ ಮುದ್ರಣದ ಕಾಲ ಅರ್ಧವಾಗುವುದಿಲ್ಲ. 365 ನ್ಯಾನೊಮೀಟರಿಗೆ ಹೊಂದಿಸಿದ ಮಾಪಕಗಳು ಇದಕ್ಕಿಂತ ಉತ್ತಮ. ಅವು ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಶಕ್ತಿಯನ್ನು ಮಿಲಿವಾಟುಗಳಲ್ಲಿ ತೋರಿಸುತ್ತವೆ, ಅದನ್ನು ಸೆಕೆಂಡುಗಳಿಂದ ಗುಣಿಸಿದರೆ ಒಟ್ಟು ಮೊತ್ತ ಮಿಲಿಜೂಲುಗಳಲ್ಲಿ ದೊರೆಯುತ್ತದೆ. ಆದರೂ ಮಾಪಕದ ಕೋಶ ಮತ್ತು ಕಾಗದದ ಲೇಪನ ಬೆಳಕಿನ ಒಂದೇ ಪಟ್ಟಿಗೆ ಸ್ಪಂದಿಸುವುದಿಲ್ಲವಾದ್ದರಿಂದ, ಎಲ್‌ಇಡಿ ದೀಪದಲ್ಲಿ ಸಿದ್ಧಪಡಿಸಿದ ಲೆಕ್ಕವನ್ನು ಬಿಸಿಲಿಗೆ ನೇರವಾಗಿ ಹೊಂದಿಸಲಾಗದು. ಪ್ರತಿ ಬೆಳಕಿಗೂ ಪ್ರತಿ ಲೇಪನಕ್ಕೂ ಪ್ರತ್ಯೇಕ ಪರೀಕ್ಷೆ ಮಾಡಲೇಬೇಕು.

ಆ ಪರೀಕ್ಷೆಗೆ ಹೆಚ್ಚು ಬಳಕೆಯಲ್ಲಿರುವುದು 21 ಮೆಟ್ಟಿಲುಗಳ ಫಿಲ್ಮ್ ಪಟ್ಟಿ. ಅದರ ಪ್ರತಿ ಮೆಟ್ಟಿಲಿನ ಸಾಂದ್ರತೆ ಹಿಂದಿನದಕ್ಕಿಂತ 0.15 ಹೆಚ್ಚು, ಎರಡು ಮೆಟ್ಟಿಲು ಇಳಿದರೆ ಬೆಳಕು ಅರ್ಧವಾಗುತ್ತದೆ. ನೆಗೆಟಿವಿನ ಪಕ್ಕದಲ್ಲಿ ಅದನ್ನಿಟ್ಟು ಮುದ್ರಿಸಿ, ಪೂರ್ಣ ಗಾಢತೆಗೂ ಮುಂದಿನ ಮೆಟ್ಟಿಲಿಗೂ ವ್ಯತ್ಯಾಸ ಮೊದಲು ಕಾಣುವ ಜಾಗವನ್ನು ಗುರುತಿಸಿಕೊಂಡರೆ, ಮುಂದಿನ ಹಾಳೆಗೆ ಬೆಳಕು ಎಷ್ಟು ಹೆಚ್ಚಬೇಕು ಅಥವಾ ಕುಗ್ಗಬೇಕೆಂದು ತಿಳಿಯುತ್ತದೆ. ಇಂಟಿಗ್ರೇಟರಿನ ಎಣಿಕೆ ಒಂದೇ ಇದ್ದು ಮೆಟ್ಟಿಲು ಮಾತ್ರ ಸರಿದರೆ ದೋಷ ಬೆಳಕಿನದಲ್ಲ, ಕಾಗದದ ತೇವದ್ದೋ ಲೇಪನದ್ದೋ ಎಂದು ಬೇರ್ಪಡಿಸಿ ಹೇಳಲು ಈ ಎರಡು ಅಳತೆಗಳ ಜೋಡಿಯಿಂದ ಸಾಧ್ಯವಾಗಿದೆ. ಚೆನ್ನೈಯಲ್ಲಿ ಹಿಂಗಾರು ಮಳೆ ಸುರಿಯುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈ ಭೇದ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ಪ್ಲಾಟಿನಮ್ ಕಾಗದದಲ್ಲಿ ತೇವ ಹೆಚ್ಚಿದರೆ ಚಿತ್ರ ಬಿಸಿಲಿನಲ್ಲಿಯೇ ಮೂಡತೊಡಗಿ ಅದರ ಬಣ್ಣ ಮತ್ತು ತಿಳಿಗಪ್ಪಿನ ಹದ ಬೇರೆಯಾಗುತ್ತದೆ. ಡೈಕ್ರೋಮೇಟಿನ ಪದರ ಒಣಗದೆ ಬೆಳಕಿಗೆ ಬೇರೆಯೇ ರೀತಿಯಲ್ಲಿ ಸ್ಪಂದಿಸುತ್ತದೆ. ಹಾಗಾಗಿ ಮಳೆಗಾಲದಲ್ಲಿ ಲೇಪಿಸಿದ ಹಾಳೆಗಳನ್ನು ತೇವ ನಿಯಂತ್ರಿಸಿದ ಕೋಣೆಯಲ್ಲಿ ಒಂದೇ ಅವಧಿಯವರೆಗೆ ಒಣಗಿಸಿ, ಆರ್ದ್ರತೆಯ ಅಂಕಿಯನ್ನೂ ಬೆಳಕಿನ ಅಂಕಿಯ ಪಕ್ಕದಲ್ಲಿಯೇ ಬರೆದಿಡುವುದು ಅಗತ್ಯವಾಗುತ್ತದೆ. ಬೇಸಗೆಯಲ್ಲಿ ತಯಾರಿಸಿದ ಕಾಲಪಟ್ಟಿಯನ್ನು ನವೆಂಬರಿನಲ್ಲಿ ಬಳಸುವ ಮೊದಲು ಮೆಟ್ಟಿಲುಪಟ್ಟಿಯಿಂದ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.